ಮುದುಕ ಅನ್ನುವ ಹೆಸರಿನ ಕೂಸು

ಮಾನ್ಯರೆ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳ್ಳಿ ಕಡೆಯ ಹಳೇ ಹೆಸರುಗಳ ಬಗ್ಗೆ ಬಂದ ನಗೆಬರಹ ಓದಿದೆ. ಗುಂಡ, ಕಲ್ಲ, ತಿಪ್ಪ ಅಂತೆಲ್ಲ ಸಾಲಾಗಿ ಬರೆದಿದ್ದರು. ನನ್ನ ಹೆಸರು ತಿಪ್ಪಯ್ಯ. ಮಂಡ್ಯದಲ್ಲಿ 40 ವರ್ಷ ಫೋಟೊ ಸ್ಟುಡಿಯೊ ನಡೆಸಿದವನು. ನನಗೆ ನಗು ಬರಲಿಲ್ಲ.

ಹೋದ ತಿಂಗಳು ಮೊಮ್ಮಗಳು ಮೊಬೈಲಿನಲ್ಲಿ ಕೆಲವು ಹಳೇ ಫೋಟೊ ತೋರಿಸಿದಳು. ಸುಮಾರು ನೂರು ವರ್ಷದ ಹಿಂದೆ ಪೋಲೆಂಡಿನ ಯಹೂದಿಗಳ ಕೇರಿಗಳಲ್ಲಿ ತೆಗೆದವು. ಆ ಮುಖಗಳಿಂದ ಕಣ್ಣು ಕೀಳಲು ಆಗಲಿಲ್ಲ. ತೆಗೆದವನು ಆಲ್ಟರ್ ಕಟ್ಸಿಜ್ನೆ. 1885ರಲ್ಲಿ ವಿಲ್ನಾದಲ್ಲಿ ಹುಟ್ಟಿದವನು, ವಾರ್ಸಾದಲ್ಲಿ ನನ್ನ ಹಾಗೇ ಸ್ಟುಡಿಯೊ ಇಟ್ಟುಕೊಂಡಿದ್ದವನು. ಯಿಡ್ಡಿಷ್ ಭಾಷೆಯ ಲೇಖಕ ಕೂಡ. ‘ಆಲ್ಟರ್ ಅಂದ್ರೆ ಏನಮ್ಮ?’ ಅಂದೆ. ಹುಡುಕಿ ಹೇಳಿದಳು: ‘ಮುದುಕ ಅಂತೆ ತಾತ.’

ಮಗುವಿಗೆ ಯಾರಾದರೂ ಮುದುಕ ಅಂತ ಹೆಸರಿಡ್ತಾರಾ? ಇಡುತ್ತಿದ್ದರು. ಯಿಡ್ಡಿಷ್ ಅನ್ನುವುದು ಪೂರ್ವ ಯುರೋಪಿನ ಯಹೂದಿಗಳ ಮನೆಮಾತು. ಅವರಲ್ಲಿ ಹುಟ್ಟಿದ ಮಕ್ಕಳು ಒಂದೊಂದೇ ತೀರಿಹೋದ ಮನೆಯಲ್ಲಿ, ಇಲ್ಲವೇ ಕೂಸು ಕಾಯಿಲೆ ಬಿದ್ದು ಉಳಿಯುವುದೇ ಕಷ್ಟ ಅನ್ನಿಸಿದಾಗ ಈ ಹೆಸರು ಇಡುತ್ತಿದ್ದರು. ಸಾವಿನ ದೂತ ಕೂಸನ್ನು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ಇರುವವನು ಮುದುಕ. ಗುರುತು ಸಿಗದೆ ಬಂದ ದಾರಿ ಹಿಡಿಯಲಿ ಅಂತ. ಮುದುಕನಾಗುವ ತನಕ ಬಾಳಲಿ ಅನ್ನುವ ಹರಕೆಯೂ ಅದರಲ್ಲೇ ಇದೆ. ಹೆಣ್ಣು ಮಗುವಾದರೆ ಆಲ್ಟೆ. ಕಾಯಿಲೆಯವರ ಹೆಸರಿಗೆ ಖಾಯಿಮ್ ಅಂತ ಸೇರಿಸುವುದೂ ಉಂಟು, ಅಂದರೆ ಜೀವ. ಹಣೆಬರಹ ಬದಲಿಸುವ ದಾರಿಗಳನ್ನು ಹೇಳುವಾಗ ಅವರ ತಾಲ್ಮುದ್ ಗ್ರಂಥ ದಾನ, ಪ್ರಾರ್ಥನೆಗಳ ಜೊತೆಗೆ ಹೆಸರು ಬದಲಿಸುವುದನ್ನೂ ಹೇಳುತ್ತದೆ.

ಕಟ್ಸಿಜ್ನೆ ಮುದುಕನಾಗಲಿಲ್ಲ. 1941ರ ಜುಲೈನಲ್ಲಿ, ನಾಜಿಗಳು ನುಗ್ಗಿದ ತಾರ್ನೊಪೋಲ್ ಊರಿನಲ್ಲಿ ಅವನನ್ನು ಹೊಡೆದು ಕೊಂದರು. ಸ್ಟುಡಿಯೊದಲ್ಲಿದ್ದದ್ದೆಲ್ಲ ಯುದ್ಧದಲ್ಲಿ ಹಾಳಾಯಿತು. ನ್ಯೂಯಾರ್ಕಿನ ಯಿಡ್ಡಿಷ್ ಪತ್ರಿಕೆಗೆ ಕಳಿಸಿದ್ದ ಫೋಟೊಗಳಷ್ಟೇ ಉಳಿದವು. ನಾನು ನೋಡಿದ್ದು ಅವನ್ನೇ.

ಅವತ್ತು ರಾತ್ರಿಯೆಲ್ಲ ನಮ್ಮವ್ವನದೇ ನೆನಪು. ನನಗಿಂತ ಮುಂಚೆ ಹುಟ್ಟಿದ ಮೂವರೂ ವರ್ಷ ತುಂಬುವ ಮೊದಲೇ ಹೋದರಂತೆ. ಹಾಗಾಗಿ ನಾನು ಹುಟ್ಟಿದಾಗ ಮೊರದಲ್ಲಿ ಮಲಗಿಸಿ ಹಿತ್ತಲ ತಿಪ್ಪೆಯ ಮೇಲೆ ಇಟ್ಟರು. ಸೋದರತ್ತೆ ದಾರೀಲಿ ಹೋಗುವವಳ ಹಾಗೆ ಬಂದು ಎತ್ತಿಕೊಂಡಳು. ಅವ್ವ ಒಂದು ಸೇರು ತೌಡು ಕೊಟ್ಟು ನನ್ನನ್ನು ಅವಳಿಂದ ಕೊಂಡಳು. ತಿಪ್ಪೇಲಿ ಸಿಕ್ಕಿದ್ದು, ತೌಡಿಗೆ ಬಂದದ್ದು, ಇಂಥದ್ದನ್ನು ಯಮನಾದರೂ ಯಾಕೆ ಮುಟ್ಟಾನು?

ಸ್ಟುಡಿಯೊ ತೆರೆದಾಗ, ಗಿರಾಕಿಗಳು ಏನಂದುಕೊಳ್ತಾರೋ ಅಂತ ಬೋರ್ಡಿಗೆ ದೇವರ ಹೆಸರು ಬರೆಸಿದೆ. ಅವ್ವನಿಗೆ ಓದು ಬರುತ್ತಿರಲಿಲ್ಲ. ಬೋರ್ಡಿನ ಕೆಳಗೆ ನಿಂತು, ಸೆರಗಿನಿಂದ ಬಿಸಿಲು ಮರೆ ಮಾಡಿಕೊಂಡು, ‘ಇದ್ರಲ್ಲಿ ನಿನ್ನೆಸ್ರು ಯಾವ್ದಪ್ಪ?’ ಅಂದಳು. ನಾನು ಸುಮ್ನೆ ಒಂದು ಅಕ್ಷರದ ಕಡೆ ಬೆರಳು ತೋರಿಸಿಬಿಟ್ಟೆ. ಅವಳು ಅದನ್ನೇ ತುಂಬ ಹೊತ್ತು ನೋಡುತ್ತಾ ನಿಂತಳು.

ದಯವಿಟ್ಟು ಅದೇ ಪುರವಣಿಯಲ್ಲಿ ಜಾಗ ಕೊಟ್ಟು, ಇಂಥ ಹೆಸರಿನವರಿಂದ ಅವರ ಹೆಸರಿನ ಕಥೆ ಬರೆಸಿ. ನಮ್ಮ ಮಂಡ್ಯ ಸೀಮೆಯಲ್ಲಿ ಇನ್ನೂ ಬೇಕಾದಷ್ಟು ಜನ ಇದ್ದೇವೆ. ಬೇಗ ಬರೆಸಿ. ಮೊರ ಹಿಡಿದ, ತೌಡು ಅಳೆದ ಅಜ್ಜಿಯರು ಈಗ ಜಾಸ್ತಿ ಉಳಿದಿಲ್ಲ.

ತಿಪ್ಪಯ್ಯ, ಮಂಡ್ಯ