ಕಿವಿ ಕೇಳದ ಮಗುವಿಗೆ ಸಂಗೀತ ಯಾಕೆ ಬೇಡ?

ಮಾನ್ಯರೇ,

ನನ್ನ ಮಗಳಿಗೆ 7 ವರ್ಷ, ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲೆಂದು ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ) ಆಗಿದೆ. ಸಂಗೀತ ಪಾಠಕ್ಕೆ ಸೇರಿಸಲು ಹೋದರೆ, ‘ಕಿವಿ ಕೇಳದ ಮಗುವಿಗೆ ಸರಳೆ ವರಸೆ ಯಾಕಮ್ಮಾ’ ಅಂದುಬಿಟ್ಟರು ಮೇಷ್ಟರು (ಸರಳೆ ವರಸೆ ಅಂದರೆ ಸ ರಿ ಗ ಮ ಕಲಿಸುವ ಮೊದಲ ಪಾಠ). ಕೆಟ್ಟವರಲ್ಲ, ಗೊತ್ತಿಲ್ಲ ಅಷ್ಟೇ.

ಒಳಗಿವಿಯ ಸಾವಿರಾರು ಕೋಶಗಳು ಮಾಡಬೇಕಾದ ಕೆಲಸವನ್ನು ಇಂಪ್ಲಾಂಟಿನಲ್ಲಿ ನರಕ್ಕೆ ವಿದ್ಯುತ್ ಸಂಕೇತ ಮುಟ್ಟಿಸುವ ಹೆಚ್ಚೆಂದರೆ ಇಪ್ಪತ್ತು ಚಿಲ್ಲರೆ ಎಲೆಕ್ಟ್ರೋಡುಗಳು ಮಾಡುತ್ತವೆ, ಹಾಗಾಗಿ ಸ, ರಿ ನಡುವಿನ ವ್ಯತ್ಯಾಸ ಹಿಡಿಯುವುದು ಈ ಮಕ್ಕಳಿಗೆ ಕಷ್ಟವೇ. ಆದರೆ ತಾಳ ಚೆನ್ನಾಗಿ ಸಿಗುತ್ತದೆ. ಆದಿತಾಳದ ಎಂಟು ಎಣಿಕೆಯನ್ನು ಇವಳು ನನಗಿಂತ ಸರಿಯಾಗಿ ಹಾಕುತ್ತಾಳೆ! (ನಾನು ಆರಕ್ಕೇ ತಪ್ಪುತ್ತೇನೆ.) ಇನ್ನು ಮಾತು ನೋಡಿ: ‘ಊಟ ಆಯ್ತು’ ಅಂತ ಹೇಳುವುದಕ್ಕೂ ‘ಊಟ ಆಯ್ತು?’ ಅಂತ ಕೇಳುವುದಕ್ಕೂ ಇರುವ ಫರಕು ದನಿಯ ಏರಿಳಿತದಲ್ಲೇ ಅಲ್ವಾ? ಆ ಏರಿಳಿತಕ್ಕೆ ಕಿವಿಗೊಡುವುದನ್ನು ಹಾಡಿನ ಮೂಲಕ ಆಡುತ್ತಾ ಕಲಿಸಬಹುದು. ಸಂಗೀತದಿಂದ ಕಿವಿ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ.

ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಸಂಗೀತಕ್ಕೇ ಅಂತ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯವೂ ಮೈಸೂರಿನಲ್ಲೇ ಇದೆ. ಎರಡೂ ಕಡೆಯವರು ಸೇರಿ ಊರಿನ ಪಾಠದ ಮೇಷ್ಟರಿಗೆ ಒಂದೆರಡು ದಿನ ತರಬೇತಿ ಕೊಡಲಿ. ಫ್ಯಾನ್ ಆರಿಸಿ, ಮಗುವಿನ ಎದುರು ಕೂತು, ಒಂದು ಸಲಕ್ಕೆ ಒಂದೇ ವಾದ್ಯ ನುಡಿಸಿದರೆ ಸಾಕು, ಶುರು ಮಾಡಬಹುದು.

– ಒಬ್ಬ ತಾಯಿ, ಕುವೆಂಪುನಗರ, ಮೈಸೂರು