ಮಗಳಿಗೊಂದು ಪತ್ರ: ಇರಾನಿನಲ್ಲಿ ಕೊನೆಯ ಮಾತು ಯಾರದ್ದು?

ಪ್ರೀತಿಯ ಪುಟ್ಟಿ,

ಇರಾನಿನಲ್ಲಿ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತೆ, ಹೆಂಗಸರೂ ಓಟು ಹಾಕುತ್ತಾರೆ, ಹಾಗಿದ್ದ ಮೇಲೆ ಅದು ಧರ್ಮಪ್ರಭುತ್ವ ಹೇಗಾಯಿತು ಅಂತ ಕೇಳಿದ್ದೀಯ. ಒಂದೇ ಒಂದು ಮಸೂದೆಯ ಬೆನ್ನು ಹತ್ತು, ಗೊತ್ತಾಗುತ್ತೆ.

ದೊರೆ ಷಾ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಹೆಣ್ಣುಮಕ್ಕಳ ಮದುವೆಯ ವಯಸ್ಸು 18 ಇತ್ತು. ಅವರನ್ನು ಇಳಿಸಿದ 1979ರ ಕ್ರಾಂತಿಯ ನಂತರ ಅದು ಚಾಂದ್ರಮಾನ ಲೆಕ್ಕದ 9ಕ್ಕೆ ಇಳಿಯಿತು. 2000ದಲ್ಲಿ ಸುಧಾರಣಾವಾದಿಗಳ ಬಹುಮತವಿದ್ದ ಸಂಸತ್ತು, ಅಂದರೆ ಮಜ್ಲಿಸ್, ಅದನ್ನು 15ಕ್ಕೆ ಏರಿಸಲು ಒಪ್ಪಿಗೆ ಕೊಟ್ಟಿತು. ಮಸೂದೆಗಳನ್ನು ಪರಿಶೀಲಿಸುವ ಗಾರ್ಡಿಯನ್ ಕೌನ್ಸಿಲ್ ಎಂಬ ಮಂಡಳಿ ಅದನ್ನು ಷರಿಯತ್ತಿಗೆ ವಿರುದ್ಧ ಅಂತ ತಿರಸ್ಕರಿಸಿತು. ಜಗ್ಗಾಟ ಎರಡು ವರ್ಷ ನಡೆದು, 2002ರಲ್ಲಿ ಮೂರನೆಯ ಮಂಡಳಿಯೊಂದು 13 ಅಂತ ತೀರ್ಮಾನಿಸಿತು. ಅದಕ್ಕಿಂತ ಚಿಕ್ಕವಳಾದರೂ ತಂದೆಯ ಒಪ್ಪಿಗೆ ಮತ್ತು ಕೋರ್ಟಿನ ಅನುಮತಿ ಇದ್ದರೆ ಮದುವೆ ಮಾಡಬಹುದು. ಜನ ಆರಿಸಿದವರು 15 ಅಂದರು, ಕಾನೂನಾದದ್ದು 13. ಹೆಣ್ಣುಮಕ್ಕಳ ಇಡೀ ಬಾಳು ಆ ಎರಡು ವರ್ಷದ ಅಂತರದಲ್ಲಿದೆ. ಅದಕ್ಕೇ ಈ ಉದಾಹರಣೆಯನ್ನೇ ನಿನಗೆ ಆರಿಸಿದೆ.

290 ಸದಸ್ಯರ ಮಜ್ಲಿಸ್ ಪಾಸು ಮಾಡಿದ ಪ್ರತಿಯೊಂದು ಮಸೂದೆಯೂ ಗಾರ್ಡಿಯನ್ ಕೌನ್ಸಿಲ್‌ಗೆ ಹೋಗಲೇಬೇಕು. ಪರಿಶೀಲನೆಗೆ 10 ದಿನ, ಸಾಲದಿದ್ದರೆ ಇನ್ನೂ 10 ದಿನ. ಕೌನ್ಸಿಲ್‌ನಲ್ಲಿ 12 ಜನ, ಅವರಲ್ಲಿ ಆರು ಧರ್ಮಶಾಸ್ತ್ರಜ್ಞರು, ಆರು ಕಾನೂನು ಪಂಡಿತರು. ಮಸೂದೆ ಸಂವಿಧಾನಕ್ಕೆ ಹೊಂದುತ್ತದೆಯೇ ಅನ್ನುವುದಕ್ಕೆ ಹನ್ನೆರಡೂ ಜನರ ಬಹುಮತ ಬೇಕು. ಇಸ್ಲಾಮಿಗೆ ಹೊಂದುತ್ತದೆಯೇ ಅನ್ನುವಾಗ ಮಾತ್ರ ಆ ಆರು ಧರ್ಮಶಾಸ್ತ್ರಜ್ಞರದ್ದೇ ಓಟು. ನಮ್ಮಲ್ಲಿ ರಾಷ್ಟ್ರಪತಿ ಮಸೂದೆಯನ್ನು ಒಮ್ಮೆ ವಾಪಸ್ ಕಳಿಸಬಹುದು, ಸಂಸತ್ತು ಮತ್ತೆ ಪಾಸು ಮಾಡಿದರೆ ಅಂಕಿತ ಹಾಕಲೇಬೇಕು. ಅಲ್ಲಿ ಮಜ್ಲಿಸ್ ಹಠ ಹಿಡಿದರೆ ವಿಷಯ ಎಕ್ಸ್‌ಪೀಡಿಯೆನ್ಸಿ ಕೌನ್ಸಿಲ್‌ಗೆ ಹೋಗುತ್ತೆ. ನಾನು ಹೇಳಿದ ಮೂರನೆಯ ಮಂಡಳಿ ಅದೇ. ಭೂಮಿ ಮತ್ತು ಕಾರ್ಮಿಕರ ಕಾನೂನುಗಳು ವರ್ಷಗಟ್ಟಲೆ ಸಿಕ್ಕಿಹಾಕಿಕೊಂಡಿದ್ದರಿಂದ 1988ರಲ್ಲಿ ಕ್ರಾಂತಿಯ ಮುಂದಾಳು ಖೊಮೇನಿ ಅದನ್ನು ಮಾಡಿದರು.

ಇವರನ್ನೆಲ್ಲ ನೇಮಿಸುವುದು ಯಾರು ಅನ್ನುವುದನ್ನು ನಿನ್ನ ನೋಟ್ಸಿನಲ್ಲಿ ದೊಡ್ಡದಾಗಿ ಬರೆದುಕೋ. ಎಕ್ಸ್‌ಪೀಡಿಯೆನ್ಸಿ ಕೌನ್ಸಿಲ್‌ನ ಸದಸ್ಯರನ್ನೂ ಆರು ಧರ್ಮಶಾಸ್ತ್ರಜ್ಞರನ್ನೂ ಸರ್ವೋಚ್ಚ ನಾಯಕರೇ, ಅಂದರೆ ದೇಶದ ಅತ್ಯುನ್ನತ ಹುದ್ದೆಯಲ್ಲಿರುವ ಧರ್ಮಗುರುವೇ, ನೇಮಿಸುತ್ತಾರೆ. ಕಾನೂನು ಪಂಡಿತರ ಹೆಸರು ಸೂಚಿಸುವುದು ನ್ಯಾಯಾಂಗದ ಮುಖ್ಯಸ್ಥರು. ಆ ಪಟ್ಟಿಯೊಳಗೆ ಮಾತ್ರ ಮಜ್ಲಿಸ್ ಆರಿಸಬಹುದು. ಆ ಮುಖ್ಯಸ್ಥರನ್ನು ನೇಮಿಸುವವರೂ ಸರ್ವೋಚ್ಚ ನಾಯಕರೇ. ಆ ನಾಯಕರನ್ನು ಆರಿಸುವ, ಬೇಕಾದರೆ ಇಳಿಸುವ ಅಧಿಕಾರ 88 ಧರ್ಮಗುರುಗಳ ತಜ್ಞರ ಸಭೆಗಿದೆ, ಮತ್ತು ಆ 88 ಜನರನ್ನು ಜನರೇ ಎಂಟು ವರ್ಷಕ್ಕೊಮ್ಮೆ ಚುನಾಯಿಸುತ್ತಾರೆ. ಆದರೆ ಆ ಚುನಾವಣೆಗೆ ನಿಲ್ಲಲು ಅನುಮತಿ ಕೊಡುವುದು ಗಾರ್ಡಿಯನ್ ಕೌನ್ಸಿಲ್! ಈ ಸುತ್ತಿನೊಳಗೆ ಹೊರಗಿನವರು ಕಾಲಿಡಲು ಜಾಗವೇ ಇಲ್ಲ. ನಾಯಕರನ್ನು ಇಳಿಸಿದ ಉದಾಹರಣೆ ಒಂದೂ ಇಲ್ಲ.

ಇದು ಮೊದಲಿನಿಂದ ಹೀಗೇ ಬರೆದದ್ದೂ ಅಲ್ಲ. ಧರ್ಮಶಾಸ್ತ್ರಜ್ಞನೇ ಆಳಬೇಕು ಎಂಬ ವಿಲಾಯತ್-ಎ-ಫಕೀಹ್ ವಾದವನ್ನು ಖೊಮೇನಿ 1970ರಲ್ಲಿ ಇರಾಕಿನ ನಜಫ್‌ನಲ್ಲಿ ಪಾಠ ಮಾಡಿದ್ದರು ನಿಜ. ಆದರೆ 1979ರ ಸಂವಿಧಾನದ ಮೊದಲ ಕರಡಿನಲ್ಲಿ ಅದು ಇರಲಿಲ್ಲ. ಆ ಕರಡನ್ನೇ ನೇರವಾಗಿ ಜನಮತಗಣನೆಗೆ ಹಾಕಲು ಖೊಮೇನಿ ಸಿದ್ಧರಿದ್ದರು. ಬೇಡ, ಚುನಾಯಿತ ಸಭೆ ಚರ್ಚಿಸಲಿ ಅಂತ ಪಟ್ಟು ಹಿಡಿದವರಲ್ಲಿ ಉದಾರವಾದಿ ಪ್ರಧಾನಿ ಬಜರ್ಗಾನ್ ಕೂಡ ಒಬ್ಬರು. ಸಭೆಯ ಹೆಚ್ಚಿನ ಸ್ಥಾನಗಳನ್ನು ಧರ್ಮಗುರುಗಳೇ ಗೆದ್ದು, ಕರಡನ್ನು ತಿರುಗಿಸಿ ಬರೆದರು. ನವೆಂಬರ್ 4ಕ್ಕೆ ವಿದ್ಯಾರ್ಥಿಗಳು ಅಮೆರಿಕದ ರಾಯಭಾರ ಕಚೇರಿಗೆ ನುಗ್ಗಿದರು, ಎರಡೇ ದಿನಕ್ಕೆ ಬಜರ್ಗಾನ್ ಅಧಿಕಾರ ಬಿಟ್ಟರು, ಡಿಸೆಂಬರ್‌ನಲ್ಲಿ ಸಂವಿಧಾನ ಅಂಗೀಕಾರವಾಯಿತು. ಈ ಕೆಲವೇ ತಿಂಗಳನ್ನು ಗಮನವಿಟ್ಟು ಓದು.

1989ರ ಜೂನ್‌ನಲ್ಲಿ ಖೊಮೇನಿ ತೀರಿಕೊಂಡ ಮರುದಿನವೇ ಸರ್ವೋಚ್ಚ ನಾಯಕರಾಗಿ ಖಮೇನಿಯವರನ್ನು ಆರಿಸಿದರು (ಹೆಸರು ಹತ್ತಿರ ಇವೆ, ಕಲಸಬೇಡ). ನಾಯಕರು ಮರ್ಜಾ, ಅಂದರೆ ಅತ್ಯುನ್ನತ ದರ್ಜೆಯ ಧರ್ಮಗುರು ಆಗಿರಬೇಕು ಎಂಬ ನಿಯಮ ಆಗ ಇನ್ನೂ ಇತ್ತು. ಅವರು ಆ ದರ್ಜೆಯವರಲ್ಲ. ಜುಲೈನ ಜನಮತಗಣನೆಯಲ್ಲಿ ನಿಯಮವನ್ನೇ ತೆಗೆದರು. ಪ್ರಧಾನಿ ಹುದ್ದೆಯೂ ಆಗಲೇ ರದ್ದಾಯಿತು.

ಇನ್ನು ಅಭ್ಯರ್ಥಿಗಳು. ನಮ್ಮ ಚುನಾವಣಾಧಿಕಾರಿ ವಯಸ್ಸು, ಅಫಿಡವಿಟ್, ಠೇವಣಿ ನೋಡುತ್ತಾರೆ. ಅಲ್ಲಿ ಗಾರ್ಡಿಯನ್ ಕೌನ್ಸಿಲ್‌ನವರು ನಿಷ್ಠೆಯನ್ನೂ ನೋಡುತ್ತಾರೆ. 2021ರ ಅಧ್ಯಕ್ಷೀಯ ಚುನಾವಣೆಗೆ 592 ಜನ ಹೆಸರು ಕೊಟ್ಟರು, ಉಳಿದವರು 7. ಎರಡು ಬಾರಿ ಅಧ್ಯಕ್ಷರಾಗಿದ್ದ ರಫ್ಸಂಜಾನಿಯವರನ್ನೇ 2013ರಲ್ಲಿ ಕೈಬಿಟ್ಟಿದ್ದರು. ಹೆಂಗಸರು ಎಷ್ಟೋ ಸಲ ನಾಮಪತ್ರ ಹಾಕಿದ್ದಾರೆ. ಅಧ್ಯಕ್ಷ ಸ್ಥಾನಕ್ಕೆ ಒಬ್ಬರನ್ನೂ ಬಿಟ್ಟಿಲ್ಲ.

ಹಾಗಂತ ಅಲ್ಲಿನ ಓಟು ಬರೀ ನಾಟಕ ಅಂತ ಬರೆಯಬೇಡ, ಅದು ಓಟು ಹಾಕಿದವರಿಗೆ ಮಾಡುವ ಅನ್ಯಾಯ. 1997ರಲ್ಲಿ ಸುಧಾರಣಾವಾದಿ ಖತಾಮಿಯವರನ್ನು ಅಧ್ಯಕ್ಷ ಸ್ಥಾನಕ್ಕೆ ಗೆಲ್ಲಿಸಿದ್ದು ಹೆಂಗಸರು ಮತ್ತು ಯುವಜನರ ಓಟು, ಆಮೇಲೆ ಪತ್ರಿಕೆಗಳು ಉಸಿರಾಡಿದ್ದೂ ನಿಜ, ಎಷ್ಟೋ ಪತ್ರಿಕೆಗಳನ್ನು ಕೋರ್ಟು ಮುಚ್ಚಿಸಿದ್ದೂ ನಿಜ.

ಇನ್ನೊಂದು ವಿಷಯ. "ಇರಾನ್ ಸಂಸತ್ತು ಅಂಗೀಕರಿಸಿತು" ಅಂತ ಸುದ್ದಿ ಓದಿದ ಕೂಡಲೇ ಕಾನೂನಾಯಿತು ಅಂತ ಬರೆದುಬಿಡಬೇಡ. ಮಜ್ಲಿಸ್ 2023ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ ಕಠಿಣ ಹಿಜಾಬ್ ಮಸೂದೆಯನ್ನು ಗಾರ್ಡಿಯನ್ ಕೌನ್ಸಿಲ್ ಹಲವು ಸಲ ವಾಪಸ್ ಕಳಿಸಿ, ಒಂದು ವರ್ಷದ ಮೇಲೆ ಒಪ್ಪಿತು. 2024ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಭದ್ರತಾ ಮಂಡಳಿ ಅದರ ಜಾರಿಯನ್ನು ತಡೆಹಿಡಿಯಿತು. ಯಾವ ಮೆಟ್ಟಿಲಲ್ಲಿ ನಿಂತಿದೆ, ನಿಲ್ಲಿಸಿದವರು ಯಾರು, ಅವರನ್ನು ನೇಮಿಸಿದವರು ಯಾರು ಅಂತ ನೋಡಿಕೊಂಡೇ ವಾಕ್ಯ ಬರೆ.

ನಿನ್ನ,
ಅಮ್ಮ