ಸಹಿಗಿಂತ ಮೊದಲು ಕೈಬರಹ ನೋಡಿ

ಮಾನ್ಯರೆ,

ಫ್ರೆಂಚ್ ಸಾಹಿತಿಗಳ ಪತ್ರಗಳನ್ನು ಈಗ ಇಲ್ಲಿ ಕೂತೇ ಆನ್‌ಲೈನ್ ಹರಾಜಿನಲ್ಲಿ ಕೊಳ್ಳಬಹುದು. ಕೊಳ್ಳುವವರು ಬರೀ ಸಹಿ ನೋಡಿ ಮರುಳಾಗಬಾರದು.

ಅಲ್ಲಿನ ಕ್ಯಾಟಲಾಗಿನಲ್ಲಿ 'ಎಲ್.ಎ.ಎಸ್.' ಎಂದಿದ್ದರೆ ಇಡೀ ಪತ್ರ ಸಾಹಿತಿಯದೇ ಕೈಬರಹ. 'ಎಲ್.ಎಸ್.' ಎಂದಿದ್ದರೆ ಸಹಿ ಮಾತ್ರ ಅವರದು. ಈ ಒಂದಕ್ಷರಕ್ಕೆ ಬೆಲೆ ತೀರ ಬದಲಾಗುತ್ತದೆ. ಸ್ವಿಸ್ ಗಡಿಯ ಫರ್ನೆ ಊರಿನಲ್ಲಿದ್ದಾಗ 18ನೇ ಶತಮಾನದ ಸಾಹಿತಿ ವೋಲ್ತೇರ್ ಎಷ್ಟೋ ಪತ್ರಗಳನ್ನು ಕಾರ್ಯದರ್ಶಿ ವಾನ್ಯೇರ್ ಕೈಲಿ ಬರೆಸಿ, ಕೊನೆಗೆ ಬರೀ ಒಂದು 'ವಿ' ಹಾಕುತ್ತಿದ್ದ. ಅವು ನಕಲಿಯಲ್ಲ, ಆದರೆ ಸ್ವಹಸ್ತದ ಬೆಲೆ ಕೊಡಬೇಡಿ.

ಹಳೆಯ ಪುಸ್ತಕಗಳಿಂದ ಕಿತ್ತ ಕಲ್ಲಚ್ಚಿನ (ಲಿಥೋಗ್ರಾಫ್) ಪ್ರತಿಗಳೂ ಪತ್ರವೆಂದು ಮಾರಾಟಕ್ಕೆ ಬರುತ್ತವೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಹಿಡಿಯಿರಿ. ನಿಜವಾದ ಕೈಬರಹದಲ್ಲಿ, ಲೇಖನಿಯನ್ನು ಮಸಿಯಲ್ಲಿ ಅದ್ದಿದ ಕೂಡಲೇ ಬರೆದ ಪದ ಗಾಢ, ಮುಂದಿನವು ತೆಳು, ಮತ್ತೆ ಗಾಢ. ಗೆರೆ ಮೇಲೆ ಗೆರೆ ಹಾದಲ್ಲಿ ಕಪ್ಪು ಹೆಚ್ಚು. ಕಲ್ಲಚ್ಚಿನಲ್ಲಿ ಎಲ್ಲವೂ ಒಂದೇ ಸಮ. ಫ್ರಾನ್ಸಿನಲ್ಲಿ ಅಂಚೆಚೀಟಿ ಬಂದದ್ದು 1849ರ ಜನವರಿ 1ರಂದು. ಅದಕ್ಕೂ ಮುಂಚಿನ ಪತ್ರಗಳನ್ನು ಸಾಮಾನ್ಯವಾಗಿ ಮಡಚಿ, ಹೊರಮೈಯಲ್ಲೇ ವಿಳಾಸ ಬರೆದು, ಅರಗಿನ ಮುದ್ರೆ ಒತ್ತುತ್ತಿದ್ದರು. ಆ ಮಡಿಕೆ, ಅರಗಿನ ಕಲೆ ಹುಡುಕಿ.

ಕಾಗದ ಹಳೆಯದೆಂಬ ಒಂದೇ ಕಾರಣಕ್ಕೆ ನಂಬಬೇಡಿ. ವ್ರೆಂ-ಲ್ಯೂಕಾ ಎಂಬಾತ ಹಳೆಯ ಪುಸ್ತಕಗಳ ಖಾಲಿ ಹಾಳೆ ಕತ್ತರಿಸಿ ತಂದು, 1861ರಿಂದ 1869ರವರೆಗೆ ಗಣಿತಜ್ಞ ಮಿಶೆಲ್ ಶಾಲ್‌ಗೆ 27 ಸಾವಿರಕ್ಕೂ ಹೆಚ್ಚು ಖೋಟಾ ಪತ್ರ ಮಾರಿದ. 17ನೇ ಶತಮಾನದ ವಿಜ್ಞಾನಿ ಪಾಸ್ಕಲ್‌ನದಷ್ಟೇ ಅಲ್ಲ, ಪ್ರಾಚೀನ ಈಜಿಪ್ಟಿನ ರಾಣಿ ಕ್ಲಿಯೋಪಾತ್ರ ಫ್ರೆಂಚಿನಲ್ಲಿ ಬರೆದದ್ದೂ ಇತ್ತು! 1870ರಲ್ಲಿ ಅವನಿಗೆ ಎರಡು ವರ್ಷ ಸಜೆಯಾಯಿತು. ಆದ್ದರಿಂದ ಪತ್ರ ಹಿಂದೆ ಯಾರ ಬಳಿ ಇತ್ತು, ಮುದ್ರಿತ ಪತ್ರಸಂಪುಟದಲ್ಲಿ ಇದೆಯೇ ಎಂದು ಕೇಳಲೇಬೇಕು.

ಕೊಂಡರೂ ನಿಮ್ಮದಾಗುವುದು ಕಾಗದ ಮಾತ್ರ. ಹಕ್ಕುಸ್ವಾಮ್ಯದ ಅವಧಿ ಮುಗಿಯುವವರೆಗೆ ಬರಹದ ಹಕ್ಕು ವಾರಸುದಾರರದು. 1960ರಲ್ಲಿ ತೀರಿಕೊಂಡ ಕಾದಂಬರಿಕಾರ ಕಮೂ ಪತ್ರವನ್ನು ಫ್ರಾನ್ಸಿನಲ್ಲಿ ಅನುಮತಿಯಿಲ್ಲದೆ ಅಚ್ಚು ಹಾಕುವಂತಿಲ್ಲ.

ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಮಾಚಿಕಾಯಿ, ಅನ್ನಭೇದಿ ಸೇರಿಸಿ ಮಾಡಿದ ಹಳೆಯ ಮಸಿ ಆಮ್ಲೀಯ, ತಾನೇ ಕಾಗದವನ್ನು ತಿನ್ನುತ್ತದೆ. ಮೇಲೆ ಬಿಸಿ ಪ್ಲಾಸ್ಟಿಕ್ ಅಂಟಿಸಿದರೆ ಬಿಡಿಸುವ ದಾರಿಯೇ ಇರುವುದಿಲ್ಲ. ಪಿವಿಸಿ ಕವರೂ ಬೇಡ, ಅಕ್ಷರ ಅದಕ್ಕೇ ಅಂಟಿಕೊಂಡು ಬರುತ್ತದೆ. ಪಾಲಿಯೆಸ್ಟರ್ ಕವರಿನಲ್ಲಿಟ್ಟು, ತೇವಾಂಶ ಶೇ 50ರ ಆಸುಪಾಸು ಇರುವಂತೆ ನೋಡಿಕೊಳ್ಳಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಬೇಕೇ ಬೇಕು. ತಿಂಗಳಿಗೊಮ್ಮೆ ತೆರೆದು ಬೂಷ್ಟು ಬಂದಿದೆಯೇ ನೋಡಿ.

– ಹಳೆಯ ಪತ್ರಗಳ ಸಂಗ್ರಾಹಕ, ಮೈಸೂರು